ಗಾಡಿಯ ಹಿಂದೆ ಬರೆಸಿದ ಹೆಸರು

ಇದನ್ನು ಬರೆಯಲೆಂದು ಕುಳಿತು, ಬೇಡವೆಂದು ಎದ್ದುಹೋದದ್ದು ಎಷ್ಟೋ ಸಲ. ಪೆನ್ನು ಹಿಡಿದಾಗಲೆಲ್ಲ ಏನಾದರೊಂದು ಕೆಲಸ ಒದಗಿ ಬರುತ್ತಿತ್ತು. ಹುಲ್ಲಿಗೆ ನೀರು ಬಿಡಬೇಕು, ಮೊಮ್ಮಗಳನ್ನು ಸ್ಕೂಲ್ ಬಸ್ಸಿನಿಂದ ಇಳಿಸಿಕೊಳ್ಳಬೇಕು, ಏನೂ ಇಲ್ಲದಿದ್ದರೆ ಗ್ಯಾರೇಜಿನ ಬಾಗಿಲು ಮುಚ್ಚಿದೆಯೋ ಇಲ್ಲವೋ ಎಂದು ಇನ್ನೊಂದು ಸಲ ನೋಡಿ ಬರಬೇಕು. ಅಮೆರಿಕದ ಟೆಕ್ಸಸ್ಸಿನಲ್ಲಿ, ರೌಂಡ್ ರಾಕ್‌ನಂಥ ಊರಿನಲ್ಲಿ ಕಾರು ಓಡಿಸದ ಮುದುಕನಿಗೆ ಇಷ್ಟೊಂದು ಕೆಲಸ ಇರುವುದಿಲ್ಲವೆಂದು ನನಗೂ ಗೊತ್ತು, ನಿಮಗೂ ಗೊತ್ತು. ಹೇಳುವುದನ್ನು ಮುಂದೆ ಹಾಕಿದೆ, ಅಷ್ಟೆ. ಹಾಗೆಂದು ಈಗ ತಲೆ ತಗ್ಗಿಸಿಕೊಂಡು ಬಂದಿದ್ದೇನೆ ಎಂದುಕೊಳ್ಳಬೇಡಿ. ತಪ್ಪು ಒಪ್ಪಿಕೊಳ್ಳುವವನು ತಲೆ ತಗ್ಗಿಸಲೇಬೇಕೆಂದು ಯಾವ ಪುಸ್ತಕದಲ್ಲೂ ಬರೆದಿಲ್ಲ. ನಾನು ಓದಿದ್ದು ಎಸ್ಸೆಸ್ಸೆಲ್ಸಿಯವರೆಗೆ. ಅಲ್ಲಿಯವರೆಗಿನ ಪುಸ್ತಕಗಳಲ್ಲಂತೂ ಇರಲಿಲ್ಲ.

ಮೊದಲು ಒಂದು ಮಾತನ್ನು ಗಟ್ಟಿಯಾಗಿ ಹೇಳಿಬಿಡುತ್ತೇನೆ. ನಾನು ಬೆಂಗಳೂರಿನಲ್ಲಿ ಆಟೋ ಓಡಿಸುತ್ತಿದ್ದವನು. ಮೀಸೆ ಕಪ್ಪಗಿದ್ದಾಗ ಹಿಡಿದ ಹ್ಯಾಂಡಲ್ಲನ್ನು ಬಿಟ್ಟಿದ್ದು ಮೀಸೆ ಪೂರ್ತಿ ಬೆಳ್ಳಗಾದ ಮೇಲೆ. ಇದರಲ್ಲಿ ನನಗೆ ಎಳ್ಳಷ್ಟೂ ನಾಚಿಕೆಯಿಲ್ಲ. ಮಳೆ ಹುಯ್ಯುವ ಸಂಜೆ ಮೆಜೆಸ್ಟಿಕ್‌ನಿಂದ ಬನಶಂಕರಿಯವರೆಗೆ ಒಂದು ಸಲ ಗಾಡಿ ಹೊಡೆದು ಬಂದವರು ಯಾರಾದರೂ ಇದ್ದರೆ ನನ್ನನ್ನು ನೋಡಿ ನಗಲಿ. ಉಳಿದವರು ದಯವಿಟ್ಟು ಸುಮ್ಮನಿರಬೇಕು. ಮೀಟರಿನ ಮೇಲೆ ಜಾಸ್ತಿ ಕೇಳುತ್ತಿದ್ದೆಯಾ ಎನ್ನುತ್ತೀರಿ. ಕೇಳುತ್ತಿದ್ದೆ. ಕರೆದ ಕಡೆ ಬರುವುದಿಲ್ಲ ಎನ್ನುತ್ತಿದ್ದೆಯಾ ಎನ್ನುತ್ತೀರಿ. ಎನ್ನುತ್ತಿದ್ದೆ. ಅದಕ್ಕೆಲ್ಲ ಈ ಬರಹದಲ್ಲಿ ಪಶ್ಚಾತ್ತಾಪ ಸಿಗುವುದಿಲ್ಲ, ಬೇರೆ ಕಡೆ ನೋಡಿಕೊಳ್ಳಿ. ಇನ್ನೊಂದು ವಿಷಯ. ಬೇರೆ ಡ್ರೈವರುಗಳು ಗಾಡಿಯ ಹಿಂದೆ ಮನೆದೇವರ ಹೆಸರನ್ನೋ ತಾಯಿಯ ಆಶೀರ್ವಾದವನ್ನೋ ಬರೆಸುತ್ತಿದ್ದ ಕಾಲದಲ್ಲಿ ನಾನು ಹೆಂಡತಿಯ ಹೆಸರು ಬರೆಸಿದ್ದೆ, ಹಳದಿ ಬಣ್ಣದಲ್ಲಿ, ದಪ್ಪ ಅಕ್ಷರದಲ್ಲಿ. ಸ್ಟ್ಯಾಂಡಿನಲ್ಲಿ ಗೇಲಿ ಮಾಡಿದರು. ಮಾಡಿಕೊಳ್ಳಲಿ ಎಂದೆ. ಆಗ ನನಗೆ ಅಷ್ಟು ಧೈರ್ಯವಿತ್ತು.

ಅಂಥವನು ಸುಳ್ಳು ಯಾಕೆ ಹೇಳಿದೆ ಎಂದರೆ, ಮೊದಲಿಗೆ ನಾನು ಸುಳ್ಳನ್ನೇ ಹೇಳಲಿಲ್ಲ. ಅಮೆರಿಕದಲ್ಲಿ ಕೆಲಸಕ್ಕಿದ್ದ ಮಗಳು ಸುಮಾಗೆ ಹೂಸ್ಟನ್ನಿನ ಸಂಬಂಧ ಕೂಡಿಬಂದಾಗ ಎರಡೂ ಕಡೆಯವರು ಅಲ್ಲಿನ ಹಿಲ್‌ಕ್ರಾಫ್ಟ್ ರಸ್ತೆಯ ಒಂದು ದೋಸೆ ಹೋಟೆಲಿನಲ್ಲಿ ಸೇರಿದ್ದೆವು. ಹುಡುಗ ಕಾರ್ತಿಕನ ತಂದೆ ಡಾಕ್ಟರ್ ರಾಮಮೂರ್ತಿ ಮೆದುಳು, ನರದ ಡಾಕ್ಟರು. ನಲವತ್ತು ವರ್ಷ ಹೂಸ್ಟನ್ನಿನಲ್ಲೇ ಇದ್ದು ರಿಟೈರ್ ಆದವರು. ತಮ್ಮದು ಯಾವ ಲೈನು ಎಂದು ಕೇಳಿದರು. ಟ್ರಾನ್ಸ್‌ಪೋರ್ಟ್ ಎಂದೆ. ಸ್ವಂತ ಗಾಡಿಗಳೋ ಎಂದರು. ಸ್ವಂತದ್ದೇ ಎಂದೆ. ಎಷ್ಟು ಗಾಡಿ ಎಂದು ಕೇಳುವ ಹೊತ್ತಿಗೆ ಮಸಾಲೆದೋಸೆ ಬಂತು, ಬಾಯಿ ತುಂಬ ತುರುಕಿಕೊಂಡೆ. ಇದರಲ್ಲಿ ಯಾವ ಮಾತು ಸುಳ್ಳು, ಹೇಳಿ. ಪಕ್ಕದಲ್ಲಿ ಕೂತಿದ್ದ ನಮ್ಮ ಮನೆಯವಳು ನನ್ನನ್ನೊಮ್ಮೆ ನೋಡಿ, ಸಾಂಬಾರಿನ ಬಟ್ಟಲನ್ನು ನನ್ನ ಕಡೆ ಸರಿಸಿದಳು. ಅಷ್ಟೆ.

ಮದುವೆಯಾಗಿ, ಮೊಮ್ಮಗಳು ಹುಟ್ಟಿ, ನಾವಿಬ್ಬರೂ ರೌಂಡ್ ರಾಕ್‌ಗೆ ಬಂದು ನೆಲೆಸಿದ ಮೇಲೂ ಆ ದೋಸೆ ನನ್ನ ಬಾಯಲ್ಲೇ ಉಳಿದಿತ್ತು. ಕಂಡಕಂಡವರ ಕೈಗೆಲ್ಲ ಸೆಲ್ಫಿ ಕೋಲು ಬಂದಿದ್ದ ವರ್ಷ ಅದು. ಮಗಳು ಅಳಿಯ ಸೇರಿ ಎರಡೂ ಕಡೆಯ ಹಿರಿಯರನ್ನು ಯೂರೋಪಿಗೆ, ಪೋರ್ಚುಗಲ್ಲಿನ ಲಿಸ್ಬನ್ನಿಗೆ ಕರೆದುಕೊಂಡು ಹೊರಟರು. ನನಗೂ ಉತ್ಸಾಹವಿತ್ತು. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ ಇಸವಿಯನ್ನು ತಪ್ಪು ಹೇಳಿದ್ದಕ್ಕೆ ಮೇಷ್ಟರ ಕೈಯಲ್ಲಿ ಬೆನ್ನಿಗೆ ಏಟು ತಿಂದಿದ್ದೆ. ಅವನು ಹೊರಟ ಊರನ್ನೊಮ್ಮೆ ದುರುಗುಟ್ಟಿಕೊಂಡು ನೋಡಿ ಬರಬೇಕೆಂದು ಅಂದಿನಿಂದ ಆಸೆ. ಊರು ಹಳೆಯದು, ಗುಡ್ಡಗಳ ಮೇಲಿದೆ, ನಿಮಗೆಲ್ಲ ಹತ್ತಲಾಗುವುದಿಲ್ಲ, ಅದಕ್ಕೆ ಪ್ರೈವೇಟ್ ವೆಹಿಕಲ್ ಬುಕ್ ಮಾಡಿದ್ದೇವೆ, ಗೈಡ್ ಕೂಡ ಇರುತ್ತಾರೆ ಎಂದಿದ್ದಳು ಮಗಳು. ಎ.ಸಿ. ಕಾರು ಎಂದುಕೊಂಡು ಕೋಟು ಹಾಕಿಕೊಂಡು ಹೋಟೆಲ್ ಬಾಗಿಲಲ್ಲಿ ನಿಂತೆ. ತಿರುವಿನಲ್ಲಿ ಸದ್ದು ಕೇಳಿಸಿತು. ಆ ಸದ್ದನ್ನು ನಾನು ಕನಸಿನಲ್ಲೂ ಗುರುತು ಹಿಡಿಯಬಲ್ಲೆ. ಬಂದು ನಿಂತದ್ದು ಎರಡು ಆಟೋ.

ಅಲ್ಲಿ ಅದಕ್ಕೆ ಟುಕ್‌ಟುಕ್ ಎನ್ನುತ್ತಾರೆ. ಏನೆಂದು ಕರೆದರೂ ಆಟೋ ಆಟೋನೇ. ಕೆಂಪು ಬಣ್ಣ, ಬಿಳಿ ಟಾಪು, ಕನ್ನಡಿಗೆ ಸಿಕ್ಕಿಸಿದ ಕಾಗದದ ಹೂವು, ಆಯುಧಪೂಜೆ ಮುಗಿಸಿಕೊಂಡು ಬಂದ ಹಾಗಿತ್ತು. ಮಗಳು, ಅಳಿಯ, ಮೊಮ್ಮಗಳು ಮುಂದಿನದನ್ನು ಹತ್ತಿದರು. ಹಿಂದಿನದರಲ್ಲಿ ಹಿರಿಯರು ನಾಲ್ವರು: ಡಾಕ್ಟರು, ಅವರ ಹೆಂಡತಿ ಶಾರದಮ್ಮ, ನಾವಿಬ್ಬರು. ಓಡಿಸುವವಳೂ ಗೈಡೂ ಒಬ್ಬಳೇ, ಇನೆಸ್ ಎಂಬ ಹುಡುಗಿ. ಗಾಡಿಯ ಹಿಂದೆ ಏನೋ ಬರೆದಿತ್ತು. ಡಾಕ್ಟರು ಕೇಳಿದ್ದಕ್ಕೆ ಅವಳು ಅಮೇಲಿಯಾ, ತನ್ನ ಅಜ್ಜಿಯ ಹೆಸರು ಎಂದಳಂತೆ. ಅದನ್ನು ಅವರು ಕನ್ನಡದಲ್ಲಿ ಹೇಳಿದ ಕೂಡಲೇ ನಮ್ಮ ಮನೆಯವಳ ಮುಖ ಅರಳಿತು. ಟೆಕ್ಸಸ್ಸಿಗೆ ಬಂದಾಗಿನಿಂದ ಆ ಮುಖ ಅಷ್ಟು ಅರಳಿದ್ದನ್ನು ನಾನು ಕಂಡಿರಲಿಲ್ಲ.

"ಇವ್ರೂ ಇಂಥದ್ದೇ ಗಾಡಿ ಓಡಿಸ್ತಿದ್ರು ಡಾಕ್ಟ್ರೇ," ಎಂದಳು. "ಹಿಂದುಗಡೆ ಹಿಂಗೇ ನನ್ನ ಹೆಸರು ಬರೆಸಿದ್ರು."

ಡಾಕ್ಟರು ನನ್ನ ಕಡೆ ತಿರುಗಿದರು. ಆಗಲೇ ಹೌದೆಂದುಬಿಟ್ಟಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ನನಗೆ ಕಣ್ಣ ಮುಂದೆ ಬಂದದ್ದು ಹಿಲ್‌ಕ್ರಾಫ್ಟಿನ ದೋಸೆ, ಮೈಮೇಲಿನ ಕೋಟು. "ಅವಳ ಮಾತು ಬಿಡಿ ಡಾಕ್ಟ್ರೇ," ಎಂದೆ ನಗುತ್ತಾ. "ಈಚೆಗೆ ಸ್ವಲ್ಪ ಮರೆವು. ಏನೇನೋ ಕಲಸಿಕೊಂಡ್ಬಿಡ್ತಾಳೆ."

ಮೀಟರು ಜೋರಾಗಿ ಓಡುತ್ತಿದೆಯೆಂದು ಅನುಮಾನ ಬಂದ ಪ್ರಯಾಣಿಕರು ಕನ್ನಡಿಯಲ್ಲಿ ನಮ್ಮನ್ನೇ ನೋಡುತ್ತಾರಲ್ಲ, ಹಾಗೆ ನಮ್ಮ ಮನೆಯವಳು ನನ್ನನ್ನು ನೋಡಿದಳು. ಜಗಳವಾಡಲಿಲ್ಲ. ಸೆರಗು ಹೊದ್ದು ಗಾಡಿ ಹತ್ತಿ ಕೂತಳು.

ಮರೆವು ಎಂಬ ಮಾತನ್ನು ರಿಟೈರ್ ಆದ ಮೆದುಳಿನ ಡಾಕ್ಟರ ಮುಂದೆ ಆಡಬಾರದೆಂದು ನನಗೆ ಹೇಗೆ ಗೊತ್ತಾಗಬೇಕು? ವರ್ಷಗಟ್ಟಲೆ ರೋಗಿಗಳಿಲ್ಲದೆ ಒಣಗಿದ್ದ ಮನುಷ್ಯ ಚಿಗುರಿಬಿಟ್ಟರು. ಹಳೆಯ ಚರ್ಚಿನ ಮುಂದೆ ಇನೆಸ್ ದೊಡ್ಡ ಭೂಕಂಪದಲ್ಲಿ ಊರೆಲ್ಲ ಬಿದ್ದ ಕಥೆ ಹೇಳುತ್ತಿದ್ದರೆ, ಇವರು ನಮ್ಮ ಮನೆಯವಳ ಕಿವಿಯಲ್ಲಿ ಮೂರು ಮಾತು ಹೇಳಿ ನೆನಪಿಟ್ಟುಕೊಳ್ಳಿ ಎಂದರು: ಆನೆ, ಕುರ್ಚಿ, ನಿಂಬೆಹಣ್ಣು. ಕೋಟೆಯ ಮೇಲೆ ಹತ್ತಿ, ಕೆಂಪು ಹೆಂಚಿನ ಮನೆಗಳನ್ನೂ ನದಿಯನ್ನೂ ಎಲ್ಲರೂ ನೋಡುತ್ತಿದ್ದಾಗ ಮತ್ತೆ ಕೇಳಿದರು. ನಿಂಬೆಹಣ್ಣು, ಕುರ್ಚಿ, ಆನೆ ಎಂದು ಹಿಂದಿನಿಂದ ಮುಂದಕ್ಕೆ ಹೇಳಿದಳು. ಭೇಷ್ ಎಂದರು, ಆದರೆ ಮುಖದಲ್ಲಿ ಸ್ವಲ್ಪ ನಿರಾಸೆಯಿತ್ತು. ಅಲ್ಲಿನ ಪ್ರಸಿದ್ಧ ಕಸ್ಟರ್ಡ್ ತಿಂಡಿ ತಂದಾಗ ಇದರಲ್ಲಿ ಮೊಟ್ಟೆ ಇದೆಯಾ ಎಂದು ಇವಳು ಎರಡು ಸಲ ಕೇಳಿದಳು; ಕೇಳಿದ್ದನ್ನೇ ಕೇಳುವುದು ಒಂದು ಲಕ್ಷಣ ಎಂದು ನನಗೆ ಇಂಗ್ಲಿಷಿನಲ್ಲಿ ಹೇಳಿದರು. ಶಾರದಮ್ಮನವರು ಇವಳ ಕೈಯನ್ನು ಜಾತ್ರೆಯಲ್ಲಿ ಮಗುವಿನ ಕೈ ಹಿಡಿದ ಹಾಗೆ ಹಿಡಿದುಕೊಂಡರು. ವಿಷಯ ತಿಳಿದ ಇನೆಸ್ ಇವಳೊಬ್ಬಳ ಹತ್ತಿರ ಮಾತ್ರ ನಿಧಾನವಾಗಿ, ಗಟ್ಟಿಯಾಗಿ ಮಾತನಾಡತೊಡಗಿದಳು. ಮೂರು ಮನೆಯ ಮದುವೆಗಳನ್ನು ಒಬ್ಬಳೇ ನಿಂತು ನಡೆಸಿಕೊಟ್ಟ ಹೆಂಗಸು, ಆ ಚಾರಿತ್ರಿಕ ನಗರದಲ್ಲಿ ಹೀಗೆ ಬೀದಿಯಿಂದ ಬೀದಿಗೆ ಸಣ್ಣವಳಾಗುತ್ತ ಹೋದಳು. ನಾನು ಊರು ನೋಡುತ್ತಿದ್ದೆ.

ಕೊನೆಗೆ, ಮತ್ತೆ ಗಾಡಿ ಹತ್ತಿ ಹೊರಟಾಗ, ಡಾಕ್ಟರು ಬಹಳ ಮೃದುವಾಗಿ ಕೇಳಿದರು: "ಅಮ್ಮಾ, ನಿಮ್ಮ ಯಜಮಾನ್ರ ಹೆಸರೇನು, ಹೇಳಿ ನೋಡೋಣ."

ಇವಳು ತಲೆ ಬಗ್ಗಿಸಿ ನಕ್ಕು ಸುಮ್ಮನಾದಳು. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಹೂಸ್ಟನ್ ಏರ್‌ಪೋರ್ಟಿನಲ್ಲಿ ಆಫೀಸರು ಇದೇ ಪ್ರಶ್ನೆ ಕೇಳಿದಾಗಲೂ ಬೆರಳಿನಿಂದ ನನ್ನನ್ನು ತೋರಿಸಿದ್ದಳೇ ಹೊರತು ಬಾಯಿ ಬಿಟ್ಟಿರಲಿಲ್ಲ. ಡಾಕ್ಟರಿಗೆ ಅದೆಲ್ಲ ಮರೆತುಹೋಗಿತ್ತು. ಅವರ ಮನೆಯಲ್ಲಿ ಶಾರದಮ್ಮನವರು "ಮೂರ್ತಿ, ನನ್ನ ಕನ್ನಡಕ ಕೊಡು" ಎನ್ನುವವರು. ಪರವಾಗಿಲ್ಲ, ನಿಧಾನವಾಗಿ ಯೋಚನೆ ಮಾಡಿ ಎಂದು ಕಾದರು. ಇವಳು ನನ್ನ ಕಡೆ ನೋಡಿದಳು. ಇಂಥ ಹೊತ್ತಿನಲ್ಲಿ ಪಕ್ಕದವರು ಯಾರಾದರೂ ಹೆಸರು ಹೇಳಿಬಿಡುವುದು ಪದ್ಧತಿ. ಪಕ್ಕದವನು ನಾನೇ. ಅವಳ ಮೌನಕ್ಕೆ ಕಾರಣ ಗೊತ್ತಿದ್ದವನು ಆ ಗಾಡಿಯಲ್ಲಿ ನಾನೊಬ್ಬನೇ. ನಾನು ಹೊರಗೆ ಒಣಗಲು ಹಾಕಿದ್ದ ಬಟ್ಟೆಗಳನ್ನು ನೋಡಿದೆ. ಶಾರದಮ್ಮನವರು ಲೊಚಗುಟ್ಟಿದರು.

ಅಷ್ಟರಲ್ಲಿ ಕಡಿದಾದ ಕಲ್ಲುಹಾಸಿನ ಏರು ಬಂತು. ಅರ್ಧ ಏರಿದ ಗಾಡಿ ಆಫ್ ಆಗಿ ಹಿಂದಕ್ಕೆ ಜಾರಿತು. ಇನೆಸ್ ತಕ್ಷಣ ಬ್ರೇಕ್ ಹಾಕಿದಳು. ಹಿಂದಿನ ಸೀಟಿನಲ್ಲಿ ನಾನೂ ಹಾಕಿದ್ದೆ. ಬಲಗಾಲು ನೆಲವನ್ನು ತುಳಿದು ನಿಂತಿತ್ತು, ಎಡಗೈ ಇಲ್ಲದ ಕ್ಲಚ್ಚನ್ನು ಹಿಡಿದಿತ್ತು. ಇನೆಸ್ ಕನ್ನಡಿಯಲ್ಲಿ ನೋಡಿ ನಕ್ಕು, ಸರ್, ನೀವೂ ಇದನ್ನು ಓಡಿಸಿದ್ದೀರಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಉತ್ತರ ನನ್ನ ಪಕ್ಕದಿಂದ ಬಂತು.

"ನೋ, ನೋ," ಎಂದಳು ನಮ್ಮ ಮನೆಯವಳು. "ಹಿ ನೋ ಡ್ರೈವ್. ಹಿ ಬಿಸಿನೆಸ್."

ಅವಳ ಇಂಗ್ಲಿಷಿನಲ್ಲಿ ನಾನು ಕೇಳಿದ ಅತಿ ಉದ್ದದ ಮಾತು ಅದು.

ರಾತ್ರಿ ಊಟಕ್ಕೆ ಇಂಡಿಯನ್ ಹೋಟೆಲಿನಲ್ಲಿ ಸೇರಿದಾಗ ಡಾಕ್ಟರು ಗಂಭೀರವಾಗಿ ಶುರುಮಾಡಿದರು. "ಸುಮಾ, ಗಾಬರಿಯಾಗಬೇಡ. ಅಮ್ಮಂಗೆ ಗಂಡನ ಹೆಸರೇ ನೆನಪಿಗೆ ಬರ್ತಿಲ್ಲ."

ಮಗಳಿಗೆ ಕುಡಿಯುತ್ತಿದ್ದ ನೀರು ನೆತ್ತಿಗೇರಿತು. "ಮಾವ, ಅಪ್ಪನ ಹೆಸರು ಹನುಮಂತಯ್ಯ ಅಂತ ಅಮ್ಮ ಆಂಜನೇಯನ ಗುಡೀಲೂ ಹನುಮಂತ ಅನ್ನಲ್ಲ. ಲಂಕೆ ಸುಟ್ಟೋನು ಅಂತಾರೆ."

ಎಲ್ಲರೂ ನಕ್ಕರು. ಡಾಕ್ಟರು ನಗುತ್ತಲೇ, ಅದಿರಲಿ, ಅಪ್ಪ ಆಟೋ ಓಡಿಸುತ್ತಿದ್ದರು ಎಂದರಲ್ಲ, ಅದು ಎಂದರು. ಮಗಳ ನಗು ನಿಂತಿತು. ನನ್ನನ್ನು ನೋಡಿದಳು. ಬೈಯಲಿಲ್ಲ, ಕಾದಳು. ನಾನು ಹಪ್ಪಳ ಮುರಿದೆ. "ಬಿಡಿ ಡಾಕ್ಟ್ರೇ, ನಂಗೇ ಏನೋ ಕಲಸಿಹೋಯ್ತು," ಎಂದಳು ಇವಳು, ನನ್ನ ತಟ್ಟೆಗೆ ಅನ್ನ ಬಡಿಸುತ್ತ. ಆಗ ಮಗಳು ಚಮಚ ಕೆಳಗಿಟ್ಟಳು. "ಅಮ್ಮಂಗೆ ಏನೂ ಕಲಸಿಹೋಗಿಲ್ಲ ಮಾವ. ನಾನು ಆ ಆಟೋದಲ್ಲೇ ಕೂತು ಇಂಜಿನಿಯರಿಂಗ್ ಮುಗಿಸಿದ್ದು. ಕಾರ್ತಿಕ್‌ಗೂ ಗೊತ್ತು."

ಡಾಕ್ಟರು ಇವಳನ್ನು ನೋಡಿದರು, ಆಮೇಲೆ ನನ್ನನ್ನು. "ಹಾಗಾದ್ರೆ ನಾನು ಬೆಳಗ್ಗೆಯಿಂದ ತಪ್ಪು ಪೇಷೆಂಟ್‌ನ ಪರೀಕ್ಷೆ ಮಾಡಿದೀನಿ," ಎಂದರು. ಎದ್ದು ಇವಳಿಗೆ ಕೈಮುಗಿದು, ತಪ್ಪಾಯಿತು ತಾಯಿ ಎಂದರು. ಶಾರದಮ್ಮನವರೂ ತಪ್ಪಾಯಿತೆಂದರು. ಆ ಮೇಜಿನಲ್ಲಿ ತಪ್ಪು ಮಾಡದವರೆಲ್ಲ ತಪ್ಪಾಯಿತೆಂದರು.

ನಾನೂ ಆಮೇಲೆ ಡಾಕ್ಟರಿಗೆ ಹೇಳಿದೆ, ಮಗಳಿಗೆ ಹೇಳಿದೆ. ಈಗ ಹೂಸ್ಟನ್ನಿನಲ್ಲಿ ಯಾರ ಮನೆಯ ಸತ್ಯನಾರಾಯಣ ಪೂಜೆಗೆ ಹೋದರೂ ಡಾಕ್ಟರು ನನ್ನನ್ನು ಮುಂದೆ ಕೂರಿಸಿ, ಅಂಕಲ್ ಆಟೋ ಕಥೆ ಕೇಳಿ ಎಂದು ಹುಡುಗರನ್ನು ಕರೆಯುತ್ತಾರೆ. ನಾನೂ ಕೈ ಬೀಸಿಕೊಂಡು ಹೇಳುತ್ತೇನೆ. ಲಿಸ್ಬನ್ನಿನ ಕಥೆ ಮಾತ್ರ ಹೇಳುವುದಿಲ್ಲ. ಯಾರಿಗೆ ಹೇಳಬೇಕಿತ್ತೋ ಅವಳಿಗೆ ತಪ್ಪಾಯಿತು ಎಂದಿಲ್ಲ. ಯಾಕೆ ಅನ್ನಬೇಕು? ನಮ್ಮ ಕಾಲದ ಗಂಡಸರಿಗೆ ಅದು ಅಭ್ಯಾಸವಿಲ್ಲ. ಅವಳೇನು ಸುಮ್ಮನೆ ಬಿಟ್ಟಿದ್ದಾಳೆಯೇ? ನನ್ನ ಕಾಫಿಗೆ ವಾರಕ್ಕೊಂದು ದಿನ ಸಕ್ಕರೆ ಇರುವುದಿಲ್ಲ. ಕೇಳಿದರೆ, ನಂಗೆ ಮರೆವಲ್ವಾ ಎನ್ನುತ್ತಾಳೆ. ಮಿಕ್ಕವರ ಕಾಫಿಯಲ್ಲಿ ಇರುತ್ತದೆ. ಒಂದು ದಿನ ಸಂಜೆ ಮನೆಯ ಹಿಂದಿನ ಕೊಳದ ಸುತ್ತ ನಡೆಯುವಾಗ ಧೈರ್ಯ ಮಾಡಿ, ಅವತ್ತು ಲಿಸ್ಬನ್ನಿನಲ್ಲಿ ಎಂದು ಶುರುಮಾಡಿದೆ. "ಯಾವ ಲಿಸ್ಬನ್?" ಎಂದವಳೇ ಬಿರಬಿರನೆ ಮುಂದೆ ನಡೆದುಬಿಟ್ಟಳು.

ಅವಳು ನನ್ನ ಹೆಸರು ಹೇಳದಿದ್ದುದಕ್ಕೆ ಪದ್ಧತಿಯ ನೆಪವಿದೆ. ನನಗೆ ಯಾವ ಪದ್ಧತಿಯ ಅಡ್ಡಿಯೂ ಇರಲಿಲ್ಲ. ಆದರೂ ಮದುವೆಯಾದಾಗಿನಿಂದ "ಲೇ", "ನೋಡಿಲ್ಲಿ", "ಇವಳೇ" ಎಂದೇ ಕಾಲ ಹಾಕಿದ್ದೇನೆ. ಅದೇ ಪ್ರಶ್ನೆಯನ್ನು ಡಾಕ್ಟರು ನನಗೆ ಕೇಳಿದ್ದರೆ ನಾಲಿಗೆ ತಡವರಿಸುತ್ತಿತ್ತು, ಮರೆವು ಯಾರಿಗೆಂದು ಅಲ್ಲೇ ಗೊತ್ತಾಗುತ್ತಿತ್ತು. ಈ ಬರಹದಲ್ಲೂ ಇಷ್ಟು ದೂರ ತಪ್ಪಿಸಿಕೊಂಡೇ ಬಂದೆ. ಆ ಹೆಸರನ್ನು ಒಂದು ಸಲ ಪೇಂಟರನ ಕೈಯಲ್ಲಿ ಗಾಡಿಯ ಹಿಂದೆ ಬರೆಸಿದ್ದೆ. ನನ್ನ ಕೈಯಾರೆ ಬರೆಯುತ್ತಿರುವುದು ಇದೇ ಮೊದಲು: ನಾಗರತ್ನ.