ಕೊನೆಯ ಸರದಿಯ ಬಿಸಿನೀರು

ಕೆಲವರಿಗೆ ಸ್ವಂತ ಮನೆಯ ಆಸೆ, ಕೆಲವರಿಗೆ ಸಮುದ್ರ ದಾಟುವ ಆಸೆ. ನನ್ನದು ಬಹಳ ಚಿಕ್ಕದು: ಹೊರಗಿನಿಂದ ಯಾರೂ ಬಾಗಿಲು ಬಡಿಯದ ಒಂದು ಬಿಸಿನೀರ ಸ್ನಾನ. ಪದ್ಮನಾಭನಗರದ ನಮ್ಮ ಬಾಡಿಗೆ ಮನೆಯ ತಾರಸಿಯ ಮೇಲೆ ಓನರ್ ಹಾಕಿಸಿದ ಸೋಲಾರ್ ಇದೆ. ಅದರ ನೀರಿನಲ್ಲಿ ಕೆಳಗಿನ ಮನೆಯವರಿಗೂ ಪಾಲು. ಮೋಡ ಕವಿದರೆ ಸೂರ್ಯನೂ ಕೈಯೆತ್ತಿಬಿಡುತ್ತಾನೆ. ಗೀಸರ್ ಮಾತೆತ್ತಿದರೆ "ಬಾಡಿಗೆ ಮನೆಗೆ ಯಾಕೆ?" ಎನ್ನುತ್ತಾರೆ ಅಪ್ಪ. ಹಾಗಾಗಿ ನಮ್ಮಲ್ಲಿ ಸ್ನಾನಕ್ಕೊಂದು ಸರದಿ. ಪೂಜೆ ಮಾಡುವ ಅಪ್ಪ ಮೊದಲು, ಕಾಲೇಜಿಗೆ ಹೋಗುವ ತಮ್ಮ ಆಮೇಲೆ, ಆಫೀಸಿಗೆ ಓಡುವ ನಾನು ಮೂರನೆಯವಳು. ಕೊನೆಗೆ ಅಮ್ಮ. ಎಲ್ಲದಕ್ಕೂ ತಾರೀಖು ಹಾಕಿ ಡೈರಿ ಬರೆಯುವ ಚಾಳಿ ನನಗೆ. ಯಾರಿಗೆ ಎಂಥ ನೀರು ಸಿಕ್ಕಿತೆಂಬುದನ್ನೂ ಬಿಡುವುದಿಲ್ಲ. ಅಪ್ಪನ ಮುಂದೆ "ಸುಡುಸುಡು", ತಮ್ಮನ ಮುಂದೆ "ಬಿಸಿ", ನನ್ನ ಮುಂದೆ "ಪರವಾಗಿಲ್ಲ". ಅಮ್ಮನ ಮುಂದೆ "ಉಗುರುಬೆಚ್ಚಗೆ" ಎಂದು ಬರೆದೂ ಬರೆದೂ ಕೈ ಸೋತು, ಈಗ ಬರೀ "ಉ" ಎಂದು ಹಾಕುತ್ತೇನೆ.

ಹೀಗಿರುವಾಗ ಆಫೀಸಿನ ಗೆಳತಿಯೊಬ್ಬಳು, ಕರಾವಳಿ ಕಡೆ ಹೊಳೆ ದಂಡೆಯಲ್ಲಿ ಬಿಸಿನೀರ ಬುಗ್ಗೆಯೊಂದಿದೆ ಎಂದಳು. "ಇಡೀ ದಿನ ತಾನಾಗೇ ಉಕ್ತಾನೇ ಇರುತ್ತೆ ಕಣೇ!" ಅವಳು ಮರೆತಳು, ನಾನು ಮರೆಯಲಿಲ್ಲ. ಬನಶಂಕರಿ ಸಿಗ್ನಲ್ಲಿನಲ್ಲಿ ಬಸ್ಸು ನಿಂತಾಗಲೆಲ್ಲ ಮುಂದಿನ ಲಾರಿಯ ಹೊಗೆ ನನಗೆ ಬುಗ್ಗೆಯ ಹಬೆಯಂತೆ ಕಾಣುತ್ತಿತ್ತು. ಆ ಹಬೆಯಲ್ಲಿ ಅಮ್ಮ ಕುತ್ತಿಗೆಯವರೆಗೆ ಮುಳುಗಿ, ಏನೂ ಕೆಲಸವಿಲ್ಲದೆ ಕೂತಿರುತ್ತಿದ್ದಳು. ಒಮ್ಮೆಯಾದರೂ ಅದನ್ನು ಕಣ್ಣಾರೆ ನೋಡಬೇಕೆನಿಸಿತು.

ಕೊನೆಗೊಂದು ಉದ್ದನೆಯ ರಜೆ ಸಿಕ್ಕಿತು, ಕಾರು ಗೊತ್ತುಮಾಡಿದೆವು. ಅಮ್ಮ ಡಿಕ್ಕಿಯಲ್ಲಿ ಬಕೆಟ್ಟು, ಚೊಂಬು ಇಟ್ಟಳು.

"ಅಮ್ಮಾ, ಅದು ಕೊಳ. ಬಕೆಟ್ ಯಾಕೆ?"

"ಅಲ್ಲಿ ಬಕೆಟ್ ಇಲ್ದಿದ್ರೆ ಏನೇ ಮಾಡ್ತೀಯಾ?"

ಘಾಟಿ ಇಳಿದು, ದಾರಿ ತಪ್ಪಿ, ಸೆಕೆಯಲ್ಲಿ ಬೆಂದು ತಲುಪಿದಾಗ ಮಧ್ಯಾಹ್ನವಾಗಿತ್ತು. ಕಲ್ಲು ಮೆಟ್ಟಿಲಿನ ಪುಟ್ಟ ಕೊಳ. ತಳದಿಂದ ಗುಳ್ಳೆಗಳು ಏಳುತ್ತಿದ್ದವು. ಮುಟ್ಟಿದರೆ ನಿಜಕ್ಕೂ ಬಿಸಿ! ಅಪ್ಪ ತಕ್ಷಣ, "ನಾನು ಮೊದ್ಲು ಮುಗಿಸ್ಕೊಂಡ್ಬಿಡ್ತೀನಿ" ಎಂದು ಇಳಿದರು. ಯಾರೂ ಹೇಳದೆಯೇ ಉಳಿದ ಮೂವರು ಟವೆಲು ಹಿಡಿದು ಮೆಟ್ಟಿಲ ಮೇಲೆ ಸಾಲಾಗಿ ನಿಂತೆವು. ಅಪ್ಪ ಎದ್ದರು, ತಮ್ಮ ಇಳಿದ. ಅವನೆದ್ದ, ನಾನಿಳಿದೆ. ಕಣ್ಣು ಮುಚ್ಚಿದೆ. ಕಿವಿ ಮಾತ್ರ ಬಾಗಿಲ ಸದ್ದಿಗೆ ಕಾಯುತ್ತಿತ್ತು.

"ಸಾಕು ಬಾರೇ, ಬಿಸಿನೀರು ಖಾಲಿಯಾಗೋಗುತ್ತೆ!" ಮೇಲಿನಿಂದ ಅಮ್ಮನ ಕೂಗು.

ನಾನು ಎದ್ದೇಬಿಟ್ಟೆ. ಪಕ್ಕದಲ್ಲಿ ಕಾಲು ಇಳಿಬಿಟ್ಟಿದ್ದ ಊರಿನ ಹೆಂಗಸು ನಕ್ಕರು. "ಎಂತ ಮಾರಾಯ್ರೇ, ಇದು ನಿಮ್ಮ ಟ್ಯಾಂಕಿಯಾ? ನಮ್ಮ ಅಜ್ಜಿಯ ಕಾಲದಿಂದ ಖಾಲಿ ಆಗ್ಲಿಲ್ಲ!"

ಕೊನೆಗೆ ಅಮ್ಮ ಬಕೆಟ್ಟು ಹಿಡಿದು ಬಂದಳು. ಉಗುರುಬೆಚ್ಚಗಿನ ನೀರಿಗೆ ಸಿದ್ಧವಾದ ಮುಖದಲ್ಲೇ ಕಾಲಿಟ್ಟಳು. ಇಟ್ಟವಳು ತಟ್ಟನೆ ನನ್ನತ್ತ ತಿರುಗಿದಳು. "ಇನ್ನೂ ಬಿಸಿ ಇದೆಯಲ್ಲೇ!"

ಬಕೆಟ್ಟು ಮೆಟ್ಟಿಲ ಮೇಲೆಯೇ ಉಳಿಯಿತು. ಅಮ್ಮ ಕುತ್ತಿಗೆಯವರೆಗೆ ಮುಳುಗಿ ಕೂತಳು. ಅಪ್ಪ ಗಡಿಯಾರ ನೋಡಿ, "ಕತ್ತಲಾಗೋ ಮುಂಚೆ ಘಾಟಿ ಹತ್ಬೇಕು" ಎಂದರು. ತಮ್ಮ, "ಅಮ್ಮಾ, ಆಯ್ತಾ?" ಎಂದ.

"ಇರೋ ಸ್ವಲ್ಪ," ಎಂದಳು ಅಮ್ಮ, ಕಣ್ಣನ್ನೂ ತೆರೆಯದೆ. ಸ್ನಾನದ ವಿಷಯದಲ್ಲಿ ಅವಳ ಬಾಯಿಂದ ಆ ಮಾತು ನಾನು ಕೇಳಿರಲೇ ಇಲ್ಲ. ಅಂದು ಡೈರಿಯಲ್ಲಿ ಅವಳ ಮುಂದೆ "ಸುಡುಸುಡು" ಎಂದು ಬರೆದು, ಕೆಳಗೆ ಗೆರೆ ಎಳೆದೆ.

ಇನ್ನುಮೇಲೆ ಕೊನೆಯ ಸರದಿ ನನ್ನದೇ ಎಂದು ವಾಪಸು ದಾರಿಯಲ್ಲೇ ನಿರ್ಧರಿಸಿದ್ದೆ. ಆದರೆ ಬೆಳಗ್ಗೆ, "ನೀನು ಮೊದಲು ಹೋಗಮ್ಮ" ಎನ್ನುವಷ್ಟರಲ್ಲಿ ಅಮ್ಮ, "ನಿಂಗೆ ಲೇಟಾಗುತ್ತೆ, ನಡಿ ನಡಿ" ಎಂದು ಒಳಗೆ ತಳ್ಳುತ್ತಾಳೆ. ನಾನೂ ಹೆಚ್ಚು ಹಟ ಮಾಡುವುದಿಲ್ಲವೆನ್ನಿ. ಚಿಲಕ ಹಾಕಿ ತಲೆಗೆ ಬಿಸಿನೀರು ಸುರಿದುಕೊಂಡರೆ ಆ ಕೊಳ, ಆ ಗುಳ್ಳೆ, ಕಣ್ಣು ಮುಚ್ಚಿದ ಅಮ್ಮನ ಮುಖ ಎಲ್ಲವೂ ನೆನಪಾಗುತ್ತದೆ. ಅಮ್ಮನನ್ನು ಮತ್ತೆ ಅಲ್ಲಿಗೆ ಕರೆದೊಯ್ಯಬೇಕೆಂದು ಹಂಬಲಿಸುತ್ತ ಹಂಬಲಿಸುತ್ತ ಚೊಂಬಿನ ಲೆಕ್ಕ ತಪ್ಪುತ್ತದೆ. ಈಚೆಗೆ ಡೈರಿಯಲ್ಲಿ ಅಮ್ಮನ ಮುಂದೆ "ಉ" ಕೂಡ ಬರೆಯಲಾಗುತ್ತಿಲ್ಲ. "ತಣ್ಣೀರು" ಎಂದು ಪೂರ್ತಿಯಾಗಿಯೇ ಬರೆಯುತ್ತಿದ್ದೇನೆ.