ಬೈರಿಗೆಯ ಜೊತೆ ಬಂದ ಸವತಿ

ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಗಂಡನಾದವನು ಇನ್ನೊಬ್ಬಳನ್ನು ತಂದು ಹಾಸಿಗೆಯ ನಡುವೆ ಮಲಗಿಸಿಕೊಂಡರೆ ಊರಿನವರಿಗಾದರೂ ನನ್ನ ಮೇಲೆ ಕನಿಕರ ಹುಟ್ಟಬೇಕಲ್ಲವೇ? ಹುಟ್ಟಲಿಲ್ಲ. ಏಕೆಂದರೆ ಅವನು ತಂದದ್ದು ಹೆಂಗಸನ್ನಲ್ಲ, ಬ್ಯಾಟರಿಯನ್ನು. (ಹೆಂಗಸಾಗಿದ್ದರೆ ಮಾತಾಡಿ ಹೊಂದಿಸಿಕೊಳ್ಳಬಹುದಿತ್ತು. ಪಾತ್ರೆಯನ್ನಾದರೂ ತೊಳೆಯುತ್ತಿದ್ದಳು.) ಇನ್ನೂ ಹೊಟ್ಟೆ ಉರಿಯುವ ಸಂಗತಿ ಎಂದರೆ, ಹಟ ಹಿಡಿದು ಅದನ್ನು ತರಿಸಿದವಳು ನಾನೇ.

ನಮ್ಮದು ವಿನಿಪೆಗ್ ಸರೋವರದ ದಂಡೆಯ ಊರು. ಚಳಿಗಾಲ ಬಂತೆಂದರೆ ನಮ್ಮ ಗಂಡಸರೆಲ್ಲ ಹೆಪ್ಪುಗಟ್ಟಿದ ಸರೋವರದ ಮೇಲೆ ಗಾಡಿ ಓಡಿಸಿಕೊಂಡು ಹೋಗಿ, ಬೈರಿಗೆಯಿಂದ ಮಂಜುಗಡ್ಡೆಗೆ ತೂತು ಕೊರೆದು, ಆ ತೂತಿನ ಮುಂದೆ ಕೂತು ಪಿಕರೆಲ್ ಮೀನಿಗಾಗಿ ತಪಸ್ಸು ಮಾಡುತ್ತಾರೆ. ತಪಸ್ಸಿನ ಬಗ್ಗೆ ನನ್ನ ತಕರಾರಿಲ್ಲ. ಗಂಡಸರು ಹಗಲೆಲ್ಲ ಮನೆಯಿಂದ ಆಚೆ ಇರುವುದು ಸಂಸಾರಕ್ಕೆ ಆರೋಗ್ಯಕರ. ನನ್ನ ತಕರಾರಿದ್ದದ್ದು ನನ್ನ ಗಂಡ ವಾಲ್ಡಿಯ ಪೆಟ್ರೋಲ್ ಬೈರಿಗೆಯ ಮೇಲೆ.

ಅದು ನನ್ನ ಹೆಗಲೆತ್ತರದ ಪ್ರಾಣಿ. ಕೆಳಗೆ ಸುರುಳಿ ಸುರುಳಿ ಕಬ್ಬಿಣ, ಮೇಲೆ ಎಂಜಿನ್ನಿನ ತಲೆ. ಷೆಡ್ಡಿನಲ್ಲಿಟ್ಟರೆ ಚಳಿಗೆ ಮರಗಟ್ಟಿ ಸ್ಟಾರ್ಟ್ ಆಗುವುದಿಲ್ಲವೆಂದು ವಾಲ್ಡಿ ಅದನ್ನು ನನ್ನ ಅಡುಗೆಮನೆಗೆ ತಂದು ಒಲೆಯಿಂದ ಒಂದಿಷ್ಟು ದೂರದಲ್ಲಿ ಪ್ರತಿಷ್ಠಾಪಿಸುತ್ತಿದ್ದ. ಅದರ ಬುಡದಲ್ಲಿ ಹಳೇ ಪೇಪರು, ಪೇಪರಿನ ಮೇಲೆ ತೊಟ್ಟಿಕ್ಕಿದ ಎಣ್ಣೆ, ಮನೆ ತುಂಬ ಪೆಟ್ರೋಲ್ ಬಂಕಿನ ಸುವಾಸನೆ. ಕಿಟಕಿ ತೆಗೆಯೋಣವೆಂದರೆ ಹೊರಗೆ ಮೂಗು ಉದುರಿ ಬೀಳುವಂಥ ಚಳಿ.

ಕಳೆದ ಕ್ರಿಸ್‌ಮಸ್‌ನಲ್ಲಿ ನನ್ನ ತಾಳ್ಮೆಯ ಕಟ್ಟೆ ಒಡೆಯಿತು. ನಮ್ಮ ಹಿರಿಯರು ಐಸ್‌ಲ್ಯಾಂಡಿನಿಂದ ಹೊತ್ತು ತಂದ ಆಸ್ತಿ ಎಂದರೆ ಒಣ ಪ್ಲಮ್ಮಿನ ಪದರದ ಕೇಕು. ಅದನ್ನು ಮಾಡುವುದರಲ್ಲಿ ಈ ದಂಡೆಯಲ್ಲಿ ನನ್ನ ಸಮಾನರಿಲ್ಲ. (ನಾನೇ ಹೇಳಿಕೊಳ್ಳಬಾರದು, ಆದರೆ ಬೇರೆಯವರು ಹೇಳುವುದಿಲ್ಲ.) ಹಬ್ಬದ ದಿನ ನನ್ನ ಅತ್ತೆ ಸಿಗ್ಗಾ ಮೊದಲ ತುಂಡು ಬಾಯಿಗಿಟ್ಟು ಬಹಳ ಹೊತ್ತು ಅಗಿದರು. ಸುತ್ತ ಕೂತವರೆಲ್ಲ ಕಾದರು.

"ಏಲಕ್ಕಿ ಹದವಾಗಿದೆ ಕಣಮ್ಮ ರುನಾ," ಅಂದರು. "ಆದ್ರೆ ಇದನ್ನ ತಿಂದವರು ಸ್ವಲ್ಪ ಹೊತ್ತು ಸಿಗರೇಟು ಹಚ್ಚದೇ ಇದ್ರೆ ಒಳ್ಳೇದು."

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ವಾಲ್ಡಿ. ಆ ಕ್ಷಣವೇ ನಾನು ಮನಸ್ಸಿನಲ್ಲಿ ಯುದ್ಧ ಘೋಷಿಸಿದೆ.

ಮೀನುಗಾರಿಕೆ ಸಾಮಾನಿನ ಅಂಗಡಿಗೆ ಹೋಗಿ ವಿಚಾರಿಸಿದಾಗ ಬ್ಯಾಟರಿ ಬೈರಿಗೆ ಎಂಬ ದಿವ್ಯವಸ್ತುವಿನ ದರ್ಶನವಾಯಿತು. ಹೊಗೆಯಿಲ್ಲ, ನಾತವಿಲ್ಲ, ಸದ್ದಿಲ್ಲ, ಗುಂಡಿ ಒತ್ತಿದರೆ ತೂತು. ನಾನು ಮನೆಗೆ ಬಂದು ಈ ಶುಭವಾರ್ತೆಯನ್ನು ವಾಲ್ಡಿಯ ಮುಂದಿಟ್ಟೆ. ಅವನು ಕಾಫಿ ಲೋಟ ಕೆಳಗಿಟ್ಟು, ನಾನು ಅವನ ಮೀಸೆ ಬೋಳಿಸಲು ಬಂದಿದ್ದೇನೋ ಎಂಬಂತೆ ನೋಡಿದ. ಗುಂಡಿ ಒತ್ತಿ ಮೀನು ಹಿಡಿಯುವುದಾದರೆ ಮೀನನ್ನೂ ಅಂಗಡಿಯಲ್ಲೇ ಕೊಂಡು ತಂದರಾಯಿತಲ್ಲ ಎಂದ. ಪೆಟ್ರೋಲಿನ ತಾಕತ್ತು ಬ್ಯಾಟರಿಗೆಲ್ಲಿ ಬರಬೇಕು, ಸೊಂಟದೆತ್ತರದ ಮಂಜುಗಡ್ಡೆಯನ್ನು ಕೊರೆಯುವಾಗ ಅದು ಅರ್ಧಕ್ಕೇ ಉಸಿರು ಬಿಡುತ್ತದೆ, ಚಳಿ ಕಂಡರೆ ಅದಕ್ಕಾಗುವುದಿಲ್ಲ, ಒಂದೇ ಸಮನೆ ನಲವತ್ತು ತೂತು ಕೊರೆಯಲು ಪೆಟ್ರೋಲೇ ಬೇಕು, ಎಂದೆಲ್ಲ ಭಾಷಣ ಬಿಗಿದ. ಎರಡು ಮೀನು ತರುವವನಿಗೆ ನಲವತ್ತು ತೂತು ಏಕೆ ಬೇಕೆಂದು ಕೇಳಿದೆ. ಉತ್ತರವಾಗಿ ತಮ್ಮನಿಗೆ ಫೋನ್ ಹೋಯಿತು.

ಅವನ ತಮ್ಮ ಹಾಲ್ಲಿ ನಮ್ಮ ಬೀದಿಯ ಕೊನೆಯಲ್ಲೇ ಇರುವುದು. ಪೆಟ್ರೋಲಿನ ಪರಮಭಕ್ತ. ಬಂದವನೇ ನನ್ನ ಕುರ್ಚಿಯಲ್ಲಿ ಕೂತು, ನನ್ನ ಕಾಫಿ ಕುಡಿದು, ನನ್ನ ಕೇಕು ತಿನ್ನುತ್ತ (ವಾಸನೆಯ ಬಗ್ಗೆ ಚಕಾರವೆತ್ತದೆ ಮೂರು ತುಂಡು), ಬ್ಯಾಟರಿ ಬೈರಿಗೆ ಎನ್ನುವುದು ಪೇಟೆಯವರ ಆಟದ ಸಾಮಾನು ಎಂದು ತೀರ್ಪು ಕೊಟ್ಟ. ಅಣ್ಣತಮ್ಮಂದಿರಿಬ್ಬರೂ ಸೇರಿ ದಿನವೂ ಸಂಜೆ ನನ್ನ ತಲೆ ಕೊರೆದರು. ಹೊರಗೆ ಚಳಿ ಕೊರೆಯುತ್ತಿತ್ತು, ಒಳಗೆ ಇವರು. ಸರೋವರವೊಂದನ್ನು ಬಿಟ್ಟು ಆ ತಿಂಗಳು ಅವರು ಕೊರೆಯದ ವಸ್ತುವಿರಲಿಲ್ಲ.

ಕಡೆಗೆ ನನ್ನ ಪಕ್ಷ ಹಿಡಿದದ್ದು ಪೆಟ್ರೋಲ್ ಬೈರಿಗೆಯೇ. ಒಂದು ಬೆಳಿಗ್ಗೆ ಅದು ಸ್ಟಾರ್ಟ್ ಆಗುವುದಿಲ್ಲವೆಂದು ಹಟ ಹಿಡಿಯಿತು. ವಾಲ್ಡಿ ವರಾಂಡದಲ್ಲಿ ನಿಂತು ಹಗ್ಗ ಜಗ್ಗಿದ. ಜಗ್ಗಿ ಜಗ್ಗಿ ಮುಖ ಕೆಂಪಾಯಿತು, ಆಮೇಲೆ ಬೀಟ್‌ರೂಟಾಯಿತು. ಬೈರಿಗೆ ಒಂದು ಸಲ ಕೆಮ್ಮಿತು. ವಾಲ್ಡಿಯ ಭುಜದಲ್ಲಿ ಏನೋ 'ಟಕ್' ಎಂದಿತು. ಈ ಚಳಿಗಾಲ ಪೂರ್ತಿ ಯಾವ ಹಗ್ಗವನ್ನೂ ಜಗ್ಗಕೂಡದೆಂದು ಡಾಕ್ಟರು ಅಪ್ಪಣೆ ಮಾಡಿದರು.

ನಾನು ಭುಜಕ್ಕೆ ಮುಲಾಮು ತಿಕ್ಕುತ್ತ, ಆದಷ್ಟು ಮೃದುವಾಗಿ, "ಗುಂಡಿ ಒತ್ತೋಕೆ ಭುಜ ಬೇಕಾಗಲ್ಲ, ವಾಲ್ಡಿ" ಅಂದೆ. ಅವನು ಏನೂ ಹೇಳಲಿಲ್ಲ. ಗಂಡ ಏನೂ ಹೇಳಲಿಲ್ಲವೆಂದರೆ ಒಪ್ಪಿದ ಅಂತಲೇ ನಾನು ಇದುವರೆಗೆ ಸಂಸಾರ ಮಾಡಿಕೊಂಡು ಬಂದಿರುವುದು. ಆ ವಾರವೇ ಬ್ಯಾಟರಿ ಬೈರಿಗೆ ಬಂತು. ಹಳೆಯದನ್ನು ಹಾಲ್ಲಿ ಅನಾಥ ಶಿಶುವನ್ನು ದತ್ತು ತೆಗೆದುಕೊಳ್ಳುವವನಂತೆ ಎತ್ತಿಕೊಂಡು ಹೋದ. ನಾನು ಅಡುಗೆಮನೆಯ ನೆಲ ಉಜ್ಜಿ, ಏಲಕ್ಕಿ ಕುಟ್ಟಿ, ಗೆದ್ದೆನೆಂದುಕೊಂಡೆ.

ಆದರೆ ಬೈರಿಗೆ ಕೊಡುವಾಗ ಅಂಗಡಿಯವನು ವಾಲ್ಡಿಗೆ ಒಂದು ಮಾತು ಹೇಳಿದ್ದ. ಬೈರಿಗೆ ಎಲ್ಲಾದರೂ ಬಿದ್ದಿರಲಿ, ಬ್ಯಾಟರಿಯನ್ನು ಮಾತ್ರ ಬೆಚ್ಚಗೆ ಇಟ್ಟುಕೊಳ್ಳಬೇಕು, ತಣ್ಣಗಾದರೆ ಅದರ ಶಕ್ತಿ ಕುಂದುತ್ತದೆ. ನಾನು ಹೇಳಿದ ಒಂದು ಮಾತನ್ನೂ ಈವರೆಗೆ ನೆನಪಿಟ್ಟುಕೊಳ್ಳದ ಈ ಮನುಷ್ಯ ಅಂಗಡಿಯವನ ಮಾತನ್ನು ವೇದವಾಕ್ಯವೆಂದು ತಲೆಯ ಮೇಲೆ ಹೊತ್ತುಕೊಂಡ.

ಮೊದಲ ದಿನ ಬ್ಯಾಟರಿಯನ್ನು ನನ್ನ ಅಜ್ಜಿ ಹೆಣೆದುಕೊಟ್ಟ ಉಣ್ಣೆ ಸ್ವೆಟರಿನಲ್ಲಿ ಸುತ್ತಿದ. ಎರಡನೆಯ ದಿನ ಅದು ಹಾಸಿಗೆಗೆ ಬಂತು. ಪಿಕಪ್ ಗಾಡಿಯಲ್ಲಿ ಬಿಸಿಯಾಗುವ ಸೀಟು ಒಂದೇ ಇರುವುದು, ಅದು ನಾನು ಕೂರುವ ಸೀಟು. ಈಗ ಅಲ್ಲಿ ಬೆಲ್ಟು ಹಾಕಿಕೊಂಡು ಬ್ಯಾಟರಿ ಕೂತಿತು, ನಾನು ಹಿಂದೆ ಗಾಳದ ಕೋಲುಗಳ ನಡುವೆ. ಭಾನುವಾರ ಚರ್ಚಿಗೆ ಹೋದಾಗ ಗಾಡಿಯಲ್ಲಿ ಬಿಟ್ಟರೆ ಶೀತವಾದೀತೆಂದು ಒಳಗೇ ಎತ್ತಿಕೊಂಡು ಬಂದು ನಮ್ಮಿಬ್ಬರ ನಡುವೆ ಬೆಂಚಿನ ಮೇಲೆ ಇಟ್ಟ. ಪಾದ್ರಿಗಳು ಎಲ್ಲರ ಕೈ ಕುಲುಕುತ್ತ ಬಂದವರು ಸ್ವೆಟರಿನ ಗಂಟಿನತ್ತ ಬಗ್ಗಿ, "ಮೊಮ್ಮಗುವೇ?" ಎಂದು ಮೆಲ್ಲಗೆ ಕೇಳಿದರು. ಭೂಮಿ ಬಾಯಿಬಿಡಬಾರದೇ ಅನಿಸಿತು. ಅದು ಹೆಪ್ಪುಗಟ್ಟಿತ್ತು, ಬಿಡಲಿಲ್ಲ.

ಅವತ್ತು ಮನೆಗೆ ಬಂದು ಕೇಳಿಯೇ ಬಿಟ್ಟೆ. "ನನ್ನ ಕಾಲು ತಣ್ಣಗಿದೆಯಾ ಅಂತ ಇಷ್ಟು ವರ್ಷದಲ್ಲಿ ಒಂದ್ಸಲ ಕೇಳಿದ್ದೀಯಾ ನೀನು?"

"ನಿನ್ನ ಕಾಲು ತಣ್ಣಗಾದ್ರೆ ಯಾವ ಕೆಲ್ಸವೂ ನಿಲ್ಲಲ್ಲ, ರುನಾ," ಅಂದ ವಾಲ್ಡಿ, ತೀರಾ ಸಮಾಧಾನದಿಂದ.

"ಬ್ಯಾಟರಿಗೆ ಕಾಲೇ ಇಲ್ಲ."

"ಅದಕ್ಕೇ ನೋಡು ಪಾಪ, ತಾನಾಗಿ ಒಲೆ ಹತ್ರ ಹೋಗೋಕಾಗಲ್ಲ."

ಅದನ್ನು ಹೊರಗೆ ಎಸೆಯಲು ನನ್ನ ಕೈ ತುರಿಸಿದ್ದು ಸುಳ್ಳಲ್ಲ. ಎಸೆದೂಬಿಡುತ್ತಿದ್ದೆ. ಆದರೆ ಅಷ್ಟರಲ್ಲಿ ಕಾಫಿ ಅಂಗಡಿಯಲ್ಲಿ ಹಾಲ್ಲಿ ಆಡಿದ ಮಾತು ನನ್ನ ಕಿವಿಗೆ ಬಿತ್ತು. ಅಣ್ಣನ ಬೈರಿಗೆಯನ್ನು ಅವನು 'ಹೆಂಡತಿ ಆರಿಸಿಕೊಟ್ಟ ಬೈರಿಗೆ' ಎಂದು ಕರೆದನಂತೆ, ಅಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ವಾಲ್ಡಿಗೆ ರೋಷ ಬಂದು ಅಲ್ಲೇ ಪಂದ್ಯ ಕಟ್ಟಿ ಬಂದಿದ್ದ. ಮುಂದಿನ ಭಾನುವಾರ ಸರೋವರದ ಮೇಲೆ ಇಬ್ಬರೂ ಒಂದೊಂದು ಸಾಲು ತೂತು ಕೊರೆಯುವುದು. ಯಾರದು ಮೊದಲು ಮುಗಿಯುತ್ತದೋ ಅವರು ಗೆದ್ದಂತೆ. ಸೋತ ಮನೆಯವರು ಗೆದ್ದ ಮನೆಯ ಮೀನನ್ನೂ ಸೇರಿಸಿ ಚಳಿಗಾಲ ಮುಗಿಯುವವರೆಗೆ ಹೆಚ್ಚಿ ತೊಳೆದು ಕೊಡಬೇಕು.

ಗಮನಿಸಿ, ಪಂದ್ಯ ಕಟ್ಟಿದವರು ಗಂಡಸರು. ಮೀನು ಹೆಚ್ಚುವವರು ಯಾರು? ನಾನು, ಇಲ್ಲವೇ ಹಾಲ್ಲಿಯ ಹೆಂಡತಿ ಲೋವಾ. ನಮ್ಮಿಬ್ಬರನ್ನು ಯಾರಾದರೂ ಒಂದು ಮಾತು ಕೇಳಿದರೇ? ಮಗ್ಗದ ಲಾಳಿಯಂತೆ ನನ್ನ ಸಿಟ್ಟು ಆ ಕಡೆಗೂ ಈ ಕಡೆಗೂ ಓಡಾಡಿತು. ಬ್ಯಾಟರಿ ಸೋತರೆ ಊರೆಲ್ಲ ನನ್ನನ್ನು ನೋಡಿ ನಗುತ್ತದೆ, ಮೇಲೆ ಹಾಲ್ಲಿಯ ಮೀನಿನ ಹೊಟ್ಟೆ ಸೀಳುತ್ತ ಕೂರಬೇಕು. ಬ್ಯಾಟರಿ ಗೆದ್ದರೆ ಅದು ನನ್ನ ಹಾಸಿಗೆಯಲ್ಲಿ ಖಾಯಂ ಆಗುತ್ತದೆ. ಯೋಚಿಸಿ ನೋಡಿದೆ. ಮೀನಿನ ಕರುಳಿಗಿಂತ ಸವತಿಯೇ ವಾಸಿ ಅನಿಸಿತು.

ಭಾನುವಾರ ಬೆಳಿಗ್ಗೆ ಗಾಡಿ ಹೊರಟಿತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಗಾಡಿಯ ಹೀಟರು ಗೊರಗೊರ ಎಂದು ಸತ್ತುಹೋಯಿತು. ಅದರ ಹಿಂದೆಯೇ ಬಿಸಿ ಸೀಟೂ ತಣ್ಣಗಾಯಿತು. ಕಿಟಕಿಯ ಒಳಗಡೆಯೂ ಮಂಜು ಕಟ್ಟಿತು. ವಾಲ್ಡಿ ಸ್ವೆಟರಿನ ಗಂಟನ್ನು ಮುಟ್ಟಿ ನೋಡಿ, ಜ್ವರ ಬಂದ ಮಗುವಿನ ತಂದೆಯ ಮುಖ ಮಾಡಿಕೊಂಡ. ಅವನ ಕೋಟು ಹಳೆಯದು, ಬಿಗಿ, ಅದರೊಳಗೆ ಅವನ ಹೊಟ್ಟೆಗೇ ಜಾಗವಿಲ್ಲ. ನನ್ನದು ಮೊಣಕಾಲಿನವರೆಗೆ ಬರುವ ಹಕ್ಕಿ ಪುಕ್ಕದ ಕೋಟು.

"ಕೊಡು ಇಲ್ಲಿ," ಅಂದೆ.

ಕೋಟಿನ ಒಳಗೆ, ನಾನು ತೊಟ್ಟ ಸ್ವೆಟರಿಗೂ ಒಳಗೆ, ಹೊಟ್ಟೆಗೆ ಒತ್ತಿ ಇಟ್ಟುಕೊಂಡೆ. ಸತ್ತ ಮೀನನ್ನು ಅಪ್ಪಿಕೊಂಡಂತಾಯಿತು. ಹಲ್ಲು ಕಚ್ಚಿ, ಕಾವಿಗೆ ಕೂತ ಕೋಳಿಯಂತೆ ಎರಡೂ ಕೈ ಸುತ್ತಿಕೊಂಡು ಕೂತೆ. ಸರೋವರದ ಮೇಲೆ ಗಾಡಿಯಿಂದ ಇಳಿದಾಗ ನನ್ನ ಆಕಾರ ಬೇರೆಯೇ ಆಗಿತ್ತು. ಅತ್ತೆಯವರು ಮಡಿಸುವ ಕುರ್ಚಿಯ ಮೇಲೆ ಕಂಬಳಿ ಹೊದ್ದು ಪಂದ್ಯ ನೋಡಲು ಮೊದಲೇ ಬಂದು ಕೂತಿದ್ದರು. ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು.

"ಈ ವಯಸ್ಸಲ್ಲಿ ನಂಗೊಂದು ಮಾತೂ ಹೇಳದೆ ಇದೇನಮ್ಮ ರುನಾ," ಅಂದರು.

ಮಂಜುಗಡ್ಡೆಯ ಮೇಲೆ ಸೇರಿದ್ದ ಜನರ ನಗು ಆಚೆ ದಡಕ್ಕೂ ಕೇಳಿಸಿರಬೇಕು. ನಾನು ತಲೆಯೆತ್ತಿಕೊಂಡು ನಿಂತೆ. ಪಂದ್ಯ ಶುರುವಾಯಿತು. ವಾಲ್ಡಿ ನನ್ನ ಕೋಟಿನೊಳಗಿಂದ ಬ್ಯಾಟರಿ ತೆಗೆದು, ಬೈರಿಗೆಗೆ ಸಿಕ್ಕಿಸಿ, ಗುಂಡಿ ಒತ್ತಿದ. ಒಂದು ಗುಂಯ್ ಎನ್ನುವ ಸದ್ದು, ಕಾಯಿತುರಿಯಂತೆ ಮಂಜಿನ ರಾಶಿ, ಕೆಳಗಿಂದ ಬುಳಕ್ಕನೆ ನೀರು. ಒಂದಾಯಿತು, ಇನ್ನೊಂದಾಯಿತು. ಆ ಕಡೆ ಹಾಲ್ಲಿ ಹಗ್ಗ ಜಗ್ಗುತ್ತಿದ್ದ. ಅವನ ಪೆಟ್ರೋಲ್ ಬೈರಿಗೆ ಎದ್ದು ಗುಡುಗಿದ್ದು ವಾಲ್ಡಿಯ ಸಾಲು ಮುಗಿಯುತ್ತ ಬಂದಾಗ. ಎದ್ದ ಮೇಲೆ ಅದು ಬೆಣ್ಣೆಯಲ್ಲಿ ಬಿಸಿ ಚಾಕು ಹೋದಂತೆ ಕೊರೆಯಿತು, ಅದನ್ನು ಒಪ್ಪಿಕೊಳ್ಳಲೇಬೇಕು. ಆದರೆ ಹೊತ್ತು ಮೀರಿತ್ತು. ಹೊಗೆಯೊಳಗಿಂದ ಹಾಲ್ಲಿ ಹೊರಬಂದಾಗ ವಾಲ್ಡಿ ಕೊನೆಯ ತೂತಿನ ಮುಂದೆ ಗಾಳ ಬಿಟ್ಟು ಕೂತಿದ್ದ.

ಅಲ್ಲಿಗೆ ಸುಮ್ಮನಿದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಆದರೆ ಇಷ್ಟು ದಿನ ನುಂಗಿಕೊಂಡಿದ್ದ ಅವಮಾನವೆಲ್ಲ ಗಂಟಲಿಗೆ ಬಂತು. ಎಲ್ಲರಿಗೂ ಕೇಳುವಂತೆ ನಾನೂ ಒಂದು ಭಾಷಣ ಬಿಗಿದೆ. ಬ್ಯಾಟರಿಯಲ್ಲಿ ದೋಷವಿಲ್ಲ, ಗಂಡಸರಿಗೆ ಅದನ್ನು ಇಟ್ಟುಕೊಳ್ಳಲು ಬರುವುದಿಲ್ಲ, ಸೀಟಿನ ಮೇಲಿಟ್ಟರೆ ಆಗುವುದಿಲ್ಲ, ಸ್ವೆಟರು ಸುತ್ತಿದರೂ ಆಗುವುದಿಲ್ಲ, ಮೈಕಾವು ಬೇಕು, ಅದೂ ಒಳ್ಳೆಯ ಕೋಟಿನೊಳಗೆ ಹೊಟ್ಟೆಗೆ ಹತ್ತಿರ, ಇವತ್ತು ಗೆದ್ದದ್ದು ಬೈರಿಗೆಯಲ್ಲ, ನಾನು, ಎಂದೆ. ಜನ ಚಪ್ಪಾಳೆ ತಟ್ಟಿದರು. ಅತ್ತೆಯವರು ಕೂಡ ಕಂಬಳಿಯಿಂದ ಕೈ ಹೊರಗೆ ತೆಗೆದು ತಟ್ಟಿದರು. ವಾಲ್ಡಿ ತಲೆಯಾಡಿಸುತ್ತ ಕೇಳಿದ. ನನ್ನ ಮಾತನ್ನು ಅವನು ಅಷ್ಟು ಶ್ರದ್ಧೆಯಿಂದ ಕೇಳಿದ್ದು ಅದೇ ಮೊದಲು. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಮುಂದಿನ ಶನಿವಾರ ನಾನು ಬೆಚ್ಚಗೆ ಅಡುಗೆಮನೆಯಲ್ಲಿ ಕೇಕಿನ ಹಿಟ್ಟು ಲಟ್ಟಿಸುತ್ತಿದ್ದಾಗ ವಾಲ್ಡಿ ಬಾಗಿಲಲ್ಲಿ ನಿಂತು ಕೋಟು ಹಾಕಿಕೋ ಎಂದ. ಯಾಕೆಂದು ಕೇಳಿದೆ. ನನ್ನದೇ ಭಾಷಣವನ್ನು ಒಂದಕ್ಷರ ಬಿಡದೆ ಒಪ್ಪಿಸಿದ. ಮೈಕಾವು, ಒಳ್ಳೆಯ ಕೋಟು, ಹೊಟ್ಟೆಗೆ ಹತ್ತಿರ. ಊರಿನವರೆಲ್ಲ ಸಾಕ್ಷಿ. ಅಂದಿನಿಂದ ಅವನು ಮೀನಿಗೆ ಹೋದಾಗಲೆಲ್ಲ ನಾನೂ ಹೋಗಬೇಕು. ಪೆಟ್ರೋಲ್ ಬೈರಿಗೆಯ ಕಾಲದಲ್ಲಿ ನನ್ನ ಅಡುಗೆಮನೆ ನಾರುತ್ತಿತ್ತು, ನಿಜ, ಆದರೆ ನಾನು ಅದರೊಳಗಾದರೂ ಇದ್ದೆ. ಈ ಮನೆಯ ಚಾರ್ಜು ನನ್ನದೆಂದು ತಿಳಿದಿದ್ದೆ. ಈಗ ಚಾರ್ಜು ಉಳಿಸುವುದಷ್ಟೇ ನನ್ನ ಕೆಲಸ.

ಲೋವಾ ನಮ್ಮ ಮೀನು ಹೆಚ್ಚಿ ಹೆಚ್ಚಿ ಬೇಸತ್ತು, ಗಂಡನ ಮೇಲೆ ಹರಿಹಾಯ್ದು, ಅವನಿಂದಲೂ ಪೆಟ್ರೋಲ್ ಬೈರಿಗೆ ಬಿಡಿಸಿ ಬ್ಯಾಟರಿಯದನ್ನು ಕೊಳ್ಳಿಸಿದಳೆಂದು ಸುದ್ದಿ ಬಂತು. ಒಳಗೊಳಗೇ ಸಂತೋಷಪಟ್ಟೆ. ಅವಳ ಹಾಸಿಗೆಯ ನಡುವೆಯೂ ಒಂದು ಮಲಗಲಿ, ಆಗ ತಿಳಿಯುತ್ತದೆ ಎಂದುಕೊಂಡೆ.

ನಿನ್ನೆ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದು. ತೆರೆದರೆ ಮೀಸೆಯ ಮೇಲೆ ಮಂಜು ಕಟ್ಟಿಸಿಕೊಂಡು ಹಾಲ್ಲಿ ನಿಂತಿದ್ದ. ಕೈಯಲ್ಲಿ ಟವೆಲ್ಲಿನಲ್ಲಿ ಸುತ್ತಿದ ಗಂಟು. ನನ್ನ ಮುಖ ನೋಡುವ ಧೈರ್ಯವಿಲ್ಲದೆ ನೆಲ ನೋಡಿದ.

"ಅತ್ತಿಗೆ, ಲೋವಾ ಇದನ್ನ ಮುಟ್ಟೋದೇ ಇಲ್ಲ ಅಂತಾಳೆ," ಅಂದ. "ಹೇಗೂ ನೀವು ಹೋಗೇ ಹೋಗ್ತೀರಲ್ಲ. ನಿಮ್ಮ ಕೋಟು ಬೇರೆ ದೊಡ್ಡದು."

ಅವನ ಮುಖದ ಮೇಲೆ ಬಾಗಿಲು ಹಾಕಬೇಕಿತ್ತು. ನಾಲಿಗೆಯ ತುದಿಯಲ್ಲಿ ಬೈಗುಳ ಸಾಲುಗಟ್ಟಿ ನಿಂತಿತ್ತು. ಆದರೆ ಬಾಗಿಲು ತೆರೆದೇ ಇತ್ತು, ಸರೋವರದ ಗಾಳಿ ಸೀದಾ ಆ ತೆಳು ಟವೆಲ್ಲಿಗೆ ಬಡಿಯುತ್ತಿತ್ತು.

"ಹೊರಗೆ ನಿಲ್ಲಿಸ್ಕೊಂಡು ಮಾತಾಡ್ತೀಯಲ್ಲೋ ಅದನ್ನ, ತಣ್ಣಗಾಗೋದಿಲ್ವೇನೋ," ಅಂದೆ. "ಕೊಡು ಇಲ್ಲಿ."