ಮೌಸಿಗೆ ಹಚ್ಚಿದ ವಿಭೂತಿ

ಎಲ್ಲರಿಗೂ ಒಂದೇ ಅಡುಗೆ ಮಾಡಿ ಎಲ್ಲರಿಂದಲೂ ಭೇಷ್ ಅನ್ನಿಸಿಕೊಂಡ ಹೆಂಗಸು ಇನ್ನೂ ಹುಟ್ಟಿಲ್ಲ. ಅತ್ತೆಗೆ ಖಾರ ಹೆಚ್ಚು, ಮಗಳಿಗೆ ಉಪ್ಪು ಕಡಿಮೆ. ಇದು ನನ್ನೊಬ್ಬಳ ಕರ್ಮ ಎಂದುಕೊಂಡಿದ್ದೆ. ಆದರೆ ಉದಗೀರದ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ನಮ್ಮ ಯಜಮಾನರಿಗೂ ಶಿವ ಅದೇ ಪ್ರಸಾದ ಕೊಟ್ಟ. ಇತಿಹಾಸ, ವಾಣಿಜ್ಯ, ರಸಾಯನ ಓದುವ ಹುಡುಗರೆಲ್ಲ ಒಟ್ಟಿಗೆ ಕೂತು ಕಲಿಯುವಂಥ ಒಂದು ಕಂಪ್ಯೂಟರ್ ಪಾಠಕ್ರಮ ಬರೆಯಲು ಪ್ರಾಂಶುಪಾಲರು ಹೇಳಿದರು. ಇವರು ಬರೆದರು. ಇತಿಹಾಸದ ಸರ್ ಇದರಲ್ಲಿ ಗಣಿತ ಬಹಳವಾಯಿತೆಂದರು, ವಾಣಿಜ್ಯದ ಸರ್ ಲೆಕ್ಕ ಎಲ್ಲಿದೆ ಎಂದರು, ರಸಾಯನದ ಮೇಡಮ್ ಇಷ್ಟು ನಮ್ಮ ಹುಡುಗರಿಗೆ ಮೊದಲೇ ಬರುತ್ತದೆ ಎಂದರು. ತಿದ್ದಿದ್ದೂ ಆಯಿತು. ಈ ಸಲ ಮೂವರೂ ಒಪ್ಪದಿದ್ದರೆ ಪಾಠಕ್ರಮವೇ ರದ್ದು. ಚಿಂತೆಯಲ್ಲಿ ಯಜಮಾನರಿಗೆ ಊಟದ ರುಚಿಯೇ ತಿಳಿಯದಾಯಿತು. ನನ್ನ ಅಡುಗೆಯ ಮೇಲೆ ದೂರು ಹೇಳುವವರು ಒಬ್ಬರು ಕಡಿಮೆಯಾದರು, ಅದೂ ಶಿವನ ಕೃಪೆಯೇ.

ಕಡೆಗೆ, ಮೊದಲ ಪಾಠ ಮಾಡಿಯೇ ತೋರಿಸುತ್ತೇನೆಂದು ಮೂವರನ್ನೂ ಮನೆಗೆ ಕರೆದರು. ಅಂದು ಖಂಡೆನವಮಿ, ಆಯುಧಪೂಜೆಯ ದಿನ, ಕಾಲೇಜಿಗೆ ರಜೆ. ವಲಾಂಡಿಯ ನನ್ನ ತವರಿನಲ್ಲಿ ಅಂದು ಕೂರಿಗೆ, ಕುಡಗೋಲಿನಿಂದ ಹಿಡಿದು ಸೂಜಿಯವರೆಗೆ ವಿಭೂತಿ ಬೀಳದ ಸಾಮಾನಿಲ್ಲ. ಹೊಟ್ಟೆಗೆ ಅನ್ನ ಕೊಡುವ ಕಂಪ್ಯೂಟರನ್ನು ಬಿಡಲಾದೀತೆ? ಯಜಮಾನರು ಅದನ್ನು ಶುರುಮಾಡಿಟ್ಟು ಸ್ನಾನಕ್ಕೆ ಹೋದಾಗ ಪೂಜೆಗೆ ಕೂತೆ. ಮೌಸನ್ನು ಎತ್ತಿದರೆ ಅಡಿಯಲ್ಲಿ ಒಂದು ಕೆಂಪು ಕಣ್ಣು ಉರಿಯುತ್ತಿತ್ತು. ದಿನಾ ಲಿಂಗಪೂಜೆ ಮಾಡುವವಳಿಗೆ ಉರಿಯುವ ಒಂಟಿ ಕಣ್ಣು ಕಂಡರೆ ಏನನ್ನಿಸಬೇಕು? ವಿಭೂತಿ ಕಲೆಸಿ ಮೂರು ಬೆರಳು ಎಳೆದು ಕೈಮುಗಿದೆ.

ಅತಿಥಿಗಳು ಬಂದು ಕೂತರು. ಯಜಮಾನರು ಮೌಸನ್ನು ರೊಟ್ಟಿ ಬಡಿಯುವಂತೆ ತಿರುಗಿಸುತ್ತಾರೆ, ಪರದೆಯ ಮೇಲಿನ ಬಾಣ ಜಗ್ಗಲೊಲ್ಲದು. ಅಂಗಡಿಯವನು ಮೋಸ ಮಾಡಿದ್ದಾನೆ ಎಂದರು ವಾಣಿಜ್ಯದ ಸರ್. ನಿನ್ನೆ ನಡೆದದ್ದು ಇವತ್ತು ನಿಂತಿದ್ದರೆ ನಡುವೆ ಏನಾಯಿತು ಎಂದು ಇತಿಹಾಸದ ಸರ್ ಕೆದಕಿದರು. ಮೇಡಮ್ ಮೌಸನ್ನು ಮಗುಚಿ, ಉಗುರಿನಿಂದ ಕೆರೆದು, ಮೂಸಿ ನೋಡಿದರು.

"ವೈನೀ, ಇದಕ್ಕ ವಿಭೂತಿ ಯಾರ ಹಚ್ಯಾರ್ರೀ?"

"ಹಬ್ಬ ಅಲ್ಲೇನ್ರೀ ಮೇಡಮ್. ನಾನೇ ಹಚ್ಚೀನಿ."

"ಕಣ್ಣಿಗೇ ಮೆತ್ತೀದಿ," ಅಂದರು ಯಜಮಾನರು. "ಅದು ದಾರಿ ಹ್ಯಾಂಗ ನೋಡಬೇಕು?"

ನನಗೆ ನೆಲ ಬಾಯಿಬಿಡಬಾರದೆ ಅನ್ನಿಸಿತು. ಇವರ ಕೆಲಸ ಕೆಟ್ಟಿತು, ಕೆಡಿಸಿದವಳು ನಾನು. ಅಷ್ಟರಲ್ಲಿ ಇತಿಹಾಸದ ಸರ್ ನಗು ತಡೆದುಕೊಂಡು ಹೇಳಿದರು: "ಸರ, ಪಹಿಲಾ ಪಾಠ ಇದೇ ಇಡ್ರಿ. ನಡೀಲಾರದ ಮೌಸ ಕೈಯಾಗ ಕೊಡ್ರಿ, ಯಾಕಂತ ಹುಡುಕಲಿ. ಇಷ್ಟು ನಮ್ಮ ಹುಡುಗರೂ ಹುಡುಕ್ತಾರ." ಉಳಿದಿಬ್ಬರೂ ತಲೆಯಾಡಿಸಿದರು. ಅವರು ಮೂವರೂ ಒಂದು ಮಾತಿಗೆ ಒಪ್ಪಿದ್ದು ಅದೇ ಮೊದಲಂತೆ.

ಈಗ ಪ್ರತಿವರ್ಷ ಮೊದಲ ತರಗತಿಗೆ ಯಜಮಾನರು ಮೌಸಿನ ಕಣ್ಣಿಗೆ ಏನಾದರೂ ಮೆತ್ತಿಕೊಂಡೇ ಹೋಗುತ್ತಾರೆ. ನನ್ನ ಹೆಸರು ಹೇಳಬೇಡಿ ಎಂದಿದ್ದೆ. ಬಜಾರಿನಲ್ಲಿ ಹುಡುಗರು ನನಗೆ ಕೈಮುಗಿದು ನಗುವುದನ್ನು ನೋಡಿದರೆ, ಹೇಳಿದ್ದಾರೆ. ಇರಲಿ, ಶಿವ ದೊಡ್ಡವನು. ಅಂದು ಬೆಳಿಗ್ಗೆ ನಮ್ಮ ಹಾಲಿನವನು ಬಂದಿರಲಿಲ್ಲ. ಬಂದಿದ್ದರೆ ಕಂಪ್ಯೂಟರಿಗೆ ಅಭಿಷೇಕವೂ ಆಗುತ್ತಿತ್ತು.